ಪಾರಿತೋಷಕ ಯಾವುದಕ್ಕೆ? — ವೈದ್ಯಕೀಯ ಸಂಶೋಧನಾ ಸಮ್ಮೇಳನವನ್ನು ನೋಡುವ ಬಗೆ

ಜಿಲ್ಲಾ ಕೇಂದ್ರಗಳಲ್ಲಿಯೂ ಈಗ ವೈದ್ಯಕೀಯ ಸಂಶೋಧನಾ ಸಮ್ಮೇಳನಗಳು ನಡೆಯುತ್ತಿರುವುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿಯೇ ಇರುತ್ತಾರೆ. ದೀಪ ಬೆಳಗುತ್ತಿರುವ ಗಣ್ಯರ ಚಿತ್ರ, ಅದರ ಕೆಳಗೆ ಪಾರಿತೋಷಕ ಪಡೆದವರ ಹೆಸರುಗಳು. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆ ಪಾರಿತೋಷಕವು ಯಾವ ಕೆಲಸಕ್ಕೆ ದೊರೆಯಿತು, ಆ ಕೆಲಸದಲ್ಲಿ ಮೆಚ್ಚತಕ್ಕದ್ದು ಏನಿದ್ದಿತು ಎಂಬುದು ಮಾತ್ರ ಬಹುಮಟ್ಟಿಗೆ ತಿಳಿಯುವುದೇ ಇಲ್ಲ. ಸಂಶೋಧನೆಯ ಜೀವಾಳವಿರುವುದು ಅಲ್ಲಿಯೇ ಆದುದರಿಂದ ಈ ಸಲ ಅದನ್ನೇ ಪಾಠದ ವಿಷಯವನ್ನಾಗಿ ತೆಗೆದುಕೊಂಡಿದ್ದೇವೆ.

ನಮ್ಮ ದೃಷ್ಟಿಯನ್ನು ವಿಜಯಪುರದ ಮೇಲಿಡೋಣ. ಫ. ಗು. ಹಳಕಟ್ಟಿಯವರು 1910ರಲ್ಲಿ ಸ್ಥಾಪಿಸಿದ ಬಿ. ಎಲ್. ಡಿ. ಇ. ಸಂಸ್ಥೆ ಇಲ್ಲಿಯದು. 1980ರ ದಶಕದಲ್ಲಿ ಈ ನಗರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳು ಆರಂಭವಾದವು: 1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿ. ಎಲ್. ಡಿ. ಇ. ಸಂಸ್ಥೆಯ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜು. ನಗರದ ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿ ತಿಕೋಟಾ, ನೈಋತ್ಯಕ್ಕೆ ಜಮಖಂಡಿಯ ದಾರಿಯಲ್ಲಿ ಬಬಲೇಶ್ವರ. ಹಿಂದೆ ವಿಜಯಪುರ ತಾಲೂಕಿಗೇ ಸೇರಿದ್ದು ಈಚೆಗೆ ಪ್ರತ್ಯೇಕ ತಾಲೂಕುಗಳಾದ ಊರುಗಳಿವು. ಒಂದು ಕಡೆ ಕಲಿಯುವ ವೈದ್ಯರು, ಇನ್ನೊಂದು ಕಡೆ ಒಂದು ಗಂಟೆಯೊಳಗೆ ಬಸ್ಸಿನಲ್ಲಿ ತಲುಪಬಹುದಾದ ಹಳ್ಳಿಗಳು. ಪ್ರಾದೇಶಿಕ ಸಂಶೋಧನೆಗೆ ಇದಕ್ಕಿಂತ ಅನುಕೂಲವಾದ ಸನ್ನಿವೇಶ ಬೇಕಿಲ್ಲ.

ಭೌತವಿಜ್ಞಾನ ಬೋಧಿಸುವವರಿಗೆ ವೈದ್ಯರ ಸಭೆಯಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಅಳತೆ ಎಂಬುದು ಎರಡು ಶಾಸ್ತ್ರಗಳಿಗೂ ಸಮಾನವಾದ ಸ್ವತ್ತು ಎಂಬುದೇ ನಮ್ಮ ಉತ್ತರ. ಅಳತೆಯ ಪಾಪಗಳು ಸಹ ಎರಡರಲ್ಲಿಯೂ ಒಂದೇ. ನಮ್ಮ ಪ್ರಯೋಗಾಲಯದಲ್ಲಿ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುವ ವಿದ್ಯಾರ್ಥಿಗಳನ್ನು ವರ್ಷವರ್ಷವೂ ನೋಡುತ್ತಿದ್ದೇವೆ. ಪುಸ್ತಕದಲ್ಲಿ 980 ಎಂದಿದೆ. ಉತ್ತರ 931 ಬಂದರೆ ಮಾರ್ಕು ಹೋದೀತೆಂಬ ಭಯ. ಆದುದರಿಂದ ಕೆಲವರು ಉತ್ತರವನ್ನು ಮೊದಲು ಬರೆದು, ಲೆಕ್ಕವನ್ನು ಹಿಂದುಮುಂದಾಗಿ ಮಾಡಿ, ಆಂದೋಲನದ ಕಾಲವನ್ನು ಕೊನೆಯಲ್ಲಿ ‘ಕಂಡುಹಿಡಿಯುತ್ತಾರೆ.’ ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯದೆ ಅದರ ನೆತ್ತಿಯವರೆಗೆ ಮಾತ್ರ ಅಳೆದುದರಿಂದ 931 ಬಂದಿತೆಂದು ಪತ್ತೆ ಹಚ್ಚಿ ಬರೆದವನಿಗೆ ನಾವು ಹೆಚ್ಚು ಅಂಕ ಕೊಡುತ್ತೇವೆ. ಆದರೆ ಈ ಮಾತನ್ನು ಮಕ್ಕಳು ನಂಬುವುದು ಕಷ್ಟ, ಏಕೆಂದರೆ ಪರೀಕ್ಷೆಯ ದಿನ ಬರುವ ಹೊರಗಿನ ಪರೀಕ್ಷಕರು ಹಾಗೆ ಮಾಡುವುದಿಲ್ಲ. ಲೋಲಕದ ಸುಳ್ಳಿನಿಂದ ಯಾರಿಗೂ ಕೇಡಿಲ್ಲ. ಇದೇ ಅಭ್ಯಾಸ ರೋಗಿಯ ಹಾಸಿಗೆಯ ಪಕ್ಕಕ್ಕೆ ಹೋದರೆ ಕೇಡುಂಟು.

ಸಮ್ಮೇಳನದ ಕ್ರಮ ಸರಳವಾದುದೇ. ಕೆಲವು ತಿಂಗಳ ಮುಂಚೆ ಪ್ರಬಂಧಗಳ ಸಾರಾಂಶಗಳನ್ನು ಆಹ್ವಾನಿಸುತ್ತಾರೆ. ಕೆಲವು ನೂರು ಪದಗಳೊಳಗೆ ಹಿನ್ನೆಲೆ, ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಎಲ್ಲವೂ ಅಡಕವಾಗಬೇಕು. ಬರೆದವರ ಹೆಸರನ್ನು ಮರೆಮಾಡಿ ಅವನ್ನು ಪರಿಶೀಲಕರಿಗೆ ಕಳುಹಿಸುವುದು ಒಳ್ಳೆಯ ಪದ್ಧತಿ. ಆಯ್ಕೆಯಾದುವುಗಳಲ್ಲಿ ಕೆಲವನ್ನು ವೇದಿಕೆಯ ಮೇಲೆ ಏಳೆಂಟು ನಿಮಿಷಗಳಲ್ಲಿ ಮಂಡಿಸಬೇಕು. ಉಳಿದವು ಭಿತ್ತಿಪತ್ರಗಳಾಗಿ, ಎಂದರೆ ಪೋಸ್ಟರುಗಳಾಗಿ, ಗೋಡೆಗೆ ಬರುತ್ತವೆ. ಸ್ನಾತಕ ವಿದ್ಯಾರ್ಥಿಗಳಿಗೆ, ಸ್ನಾತಕೋತ್ತರರಿಗೆ, ಅಧ್ಯಾಪಕರಿಗೆ ಬೇರೆ ಬೇರೆ ಪಾರಿತೋಷಕಗಳಿರುವುದುಂಟು. ಉದ್ಘಾಟನೆಯ ಹಾರ-ಶಾಲುಗಳಿಗೆ ಎರಡು ಗಂಟೆ, ವಿದ್ಯಾರ್ಥಿಯ ಒಂದು ವರ್ಷದ ದುಡಿಮೆಗೆ ಏಳು ನಿಮಿಷ ಎಂಬ ವಿಪರ್ಯಾಸವನ್ನು ಇಲ್ಲಿ ದೀರ್ಘವಾಗಿ ಚರ್ಚಿಸುವುದಿಲ್ಲ. ಎಂ. ಬಿ. ಬಿ. ಎಸ್. ಓದುತ್ತಿರುವಾಗಲೇ ಸಂಶೋಧನೆಯ ರುಚಿ ಹತ್ತಲೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1979ರಲ್ಲಿ ಅಲ್ಪಾವಧಿ ವಿದ್ಯಾರ್ಥಿವೇತನವೊಂದನ್ನು ಆರಂಭಿಸಿತೆಂಬುದನ್ನು ಕಾಲೇಜು ವಾಚಕರು ನೆನಪಿನಲ್ಲಿಡಬೇಕು. ಈ ಪರಿಷತ್ತು 1911ರಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿ 1949ರಲ್ಲಿ ಇಂದಿನ ಹೆಸರನ್ನು ತಾಳಿತು.

ಈಗ ಒಂದು ಭಿತ್ತಿಪತ್ರದ ಮುಂದೆ ನಿಲ್ಲೋಣ. ಇದು ನಾವು ಪಾಠಕ್ಕಾಗಿ ಕಲ್ಪಿಸಿಕೊಂಡದ್ದು. ಇದರಲ್ಲಿಯ ಮಕ್ಕಳ ಸಂಖ್ಯೆಗಳು ಲೆಕ್ಕಕ್ಕೆಂದು ಇಟ್ಟುಕೊಂಡವು. ಆದರೆ ಇದರ ಪ್ರಶ್ನೆ ಮಾತ್ರ ಕಲ್ಪಿತವಲ್ಲ. ವಿಜಯಪುರ ಜಿಲ್ಲೆಯ ಹಲವೆಡೆ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಮಿತಿಗಿಂತ ಹೆಚ್ಚಾಗಿರುವುದು ಕಂಡುಬಂದಿದೆ. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕೂ ಹೆಚ್ಚಾದರೆ ಮಕ್ಕಳ ಹಲ್ಲುಗಳಲ್ಲಿ ಮೊದಲು ಸುಣ್ಣದಂತಹ ಬಿಳಿ ಮಚ್ಚೆಗಳು, ಮುಂದೆ ಕಂದು ಕಲೆಗಳು ಕಾಣಿಸಿಕೊಳ್ಳುತ್ತವೆ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಅನೇಕ ವರ್ಷ ಸೇವಿಸಿದರೆ ಮೂಳೆಗಳೂ ಕೀಲುಗಳೂ ಬಿಗಿದು ಬೆನ್ನು ಬಾಗಲಾರದಂತಾಗುತ್ತದೆ. ಮೂಳೆಗೆ ಬಂದ ಈ ವಿಕಾರವನ್ನು ಹಿಂದಕ್ಕೆ ತಿರುಗಿಸುವ ಔಷಧವಿಲ್ಲ. ನಮ್ಮ ದೇಶದಲ್ಲಿ ಇದನ್ನು ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿ 1937ರಲ್ಲಿ ವರದಿ ಮಾಡಿದರು. ನೀರನ್ನು ಕಾಯಿಸಿದರೆ ದೋಷ ಹೋಗುತ್ತದೆಂದು ತಿಳಿದವರು ಬಹಳ ಮಂದಿ. ಕಾಯಿಸಿದಾಗ ಹೋಗುವುದು ನೀರೇ ಹೊರತು ಫ್ಲೋರೈಡಲ್ಲ. ಹೀಗಾಗಿ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಇನ್ನಷ್ಟು ಏರುತ್ತದೆ.

ನಮ್ಮ ಭಿತ್ತಿಪತ್ರದ ವಿದ್ಯಾರ್ಥಿನಿ ತಿಕೋಟಾ ಕಡೆಯ ಒಂದು ಶಾಲೆಯಲ್ಲಿ 40 ಮಕ್ಕಳನ್ನೂ ಬಬಲೇಶ್ವರ ಕಡೆಯ ಒಂದು ಶಾಲೆಯಲ್ಲಿ 40 ಮಕ್ಕಳನ್ನೂ ಪರೀಕ್ಷಿಸಿದ್ದಾಳೆಂದು ಭಾವಿಸೋಣ. ವಯಸ್ಸು ಹನ್ನೆರಡು. ಮೊದಲನೆಯ ಶಾಲೆಯಲ್ಲಿ 12 ಮಕ್ಕಳ, ಎರಡನೆಯದರಲ್ಲಿ 18 ಮಕ್ಕಳ ಹಲ್ಲುಗಳಲ್ಲಿ ಕಲೆಗಳಿದ್ದವು. ಎರಡೂ ಊರುಗಳ ಕೊಳವೆಬಾವಿಯ ನೀರನ್ನು ಅಳೆದಾಗ ಎರಡನೆಯದರಲ್ಲಿ ಫ್ಲೋರೈಡು ತುಸು ಹೆಚ್ಚು. ತೀರ್ಮಾನ: ನೀರಿನ ಫ್ಲೋರೈಡು ಹೆಚ್ಚಿದಂತೆ ಹಲ್ಲಿನ ಕಲೆಯೂ ಹೆಚ್ಚು. ನೋಡಲು ಅಚ್ಚುಕಟ್ಟು, ಬಣ್ಣದ ನಕ್ಷೆಗಳು ಮನೋಹರ. ತೀರ್ಪುಗಾರರು ಏನು ಕೇಳಬೇಕು?

ನೀರನ್ನು ಅಳೆದ ಬಗೆ ಹೇಗೆಂಬುದು ಮೊದಲ ಪ್ರಶ್ನೆ. ನಮಗೆ ಪರಿಚಿತವಾದ ನೆಲವೂ ಇದೇ. ಫ್ಲೋರೈಡನ್ನು ಅಳೆಯಲು ಇಂದು ಹೆಚ್ಚಾಗಿ ಬಳಸುವ ಎಲೆಕ್ಟ್ರೋಡು 1966ರಲ್ಲಿ ಬಂದುದು. ಲ್ಯಾಂಥನಮ್ ಫ್ಲೋರೈಡಿನ ಹರಳೊಂದು ಅದರ ತುದಿಯಲ್ಲಿರುತ್ತದೆ. ಹರಳಿನ ಎರಡು ಬದಿಗಳಲ್ಲಿ ಫ್ಲೋರೈಡಿನ ಪ್ರಮಾಣ ಬೇರೆಬೇರೆಯಾದರೆ ಅವುಗಳ ನಡುವೆ ವಿದ್ಯುದ್ವಿಭವದ ಅಂತರವೊಂದು ಹುಟ್ಟುತ್ತದೆ. ನೀರಿನಲ್ಲಿ ಫ್ಲೋರೈಡು ಹತ್ತು ಪಟ್ಟಾದಾಗ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ವಿಭವ ಸುಮಾರು 59 ಮಿಲಿವೋಲ್ಟುಗಳಷ್ಟು ಬದಲಾಗುತ್ತದೆ. ಸಂಬಂಧವು ಲಾಗರಿದಮಿನದಾದುದರಿಂದ ಒಂದೇ ಒಂದು ಮಿಲಿವೋಲ್ಟಿನ ತಪ್ಪು ಉತ್ತರದಲ್ಲಿ ಸುಮಾರು ಶೇಕಡ 4ರ ತಪ್ಪಾಗಿ ಬರುತ್ತದೆ. ಅಲ್ಲದೆ 59 ಎಂಬ ಸಂಖ್ಯೆ ನಿರಪೇಕ್ಷ ಉಷ್ಣತೆಗೆ ಅನುಪಾತದಲ್ಲಿ ಏರುತ್ತದೆ. 40 ಡಿಗ್ರಿಯಲ್ಲಿ ಅದು ಸುಮಾರು 62. ಏಪ್ರಿಲ್ ತಿಂಗಳ ವಿಜಯಪುರವನ್ನು ಬಲ್ಲವರು ಈ ಮಾತನ್ನು ಲಘುವಾಗಿ ಎಣಿಸಲಾರರು. ಬೆಳಗಿನ ತಂಪಿನಲ್ಲಿ ಪ್ರಮಾಣ ದ್ರಾವಣಗಳಿಂದ ಉಪಕರಣವನ್ನು ಹೊಂದಿಸಿ, ಮಧ್ಯಾಹ್ನದ ಬಿಸಿಯಲ್ಲಿ ಹಳ್ಳಿಯ ನೀರನ್ನು ಅಳೆದರೆ ಉಪಕರಣ ಸುಳ್ಳು ಹೇಳದಿದ್ದರೂ ನಾವು ಸುಳ್ಳು ಕೇಳಿಸಿಕೊಳ್ಳುತ್ತೇವೆ. ನೀರಿನಲ್ಲಿರುವ ಅಲ್ಯೂಮಿನಿಯಮ್ ಮೊದಲಾದವು ಫ್ಲೋರೈಡನ್ನು ಹಿಡಿದಿಟ್ಟುಕೊಂಡು ಎಲೆಕ್ಟ್ರೋಡಿಗೆ ಕಾಣದಂತೆ ಮಾಡುತ್ತವೆ; ಅದನ್ನು ಬಿಡಿಸಲೆಂದೂ ಆಮ್ಲೀಯತೆಯನ್ನು ಒಂದೇ ಮಟ್ಟದಲ್ಲಿಡಲೆಂದೂ ಬೇರೊಂದು ದ್ರಾವಣವನ್ನು ಬೆರೆಸಬೇಕು. ನೀರನ್ನು ಗಾಜಿನ ಸೀಸೆಯಲ್ಲಿ ತರಬಾರದು, ಪಾಲಿಥೀನ್ ಬಾಟಲಿಯಲ್ಲಿಯೇ ತರಬೇಕು.

ಇಷ್ಟು ಸೂಕ್ಷ್ಮ ಏಕೆ? ಒಂದು ಬಾವಿಯ ನೀರು 1.4 ಎಂದು ಅಳತೆ ಬಂದಿತೆನ್ನಿ. ನಮ್ಮ ಅಳತೆಯಲ್ಲಿ ಶೇಕಡ 10ರ ಅನಿಶ್ಚಯವಿದ್ದರೆ ನಿಜವಾದ ಬೆಲೆ 1.26ರಿಂದ 1.54ರವರೆಗೆ ಎಲ್ಲಿಯಾದರೂ ಇರಬಹುದು. ಮಿತಿಯ ಗೆರೆಯು ಈ ಹರವಿನ ಒಳಗೇ ಬಿದ್ದಿದೆ. ‘ಕುಡಿಯಲು ಯೋಗ್ಯ’ ಎಂಬ ಹಲಗೆಯನ್ನು ಆ ಬಾವಿಗೆ ತೂಗುಹಾಕುವ ಅಧಿಕಾರ ನಮ್ಮ ಅಳತೆಗೆ ಇನ್ನೂ ಬಂದಿಲ್ಲ. ಮೇಲಾಗಿ, ದೇಹಕ್ಕೆ ಸೇರುವ ಪ್ರಮಾಣವನ್ನು ನಿರ್ಧರಿಸುವುದು ಲೀಟರಿನ ಲೆಕ್ಕವೊಂದೇ ಅಲ್ಲ, ಎಷ್ಟು ಲೀಟರು ಕುಡಿದರೆಂಬುದೂ ಹೌದು. ಬಿಸಿಲಿನಲ್ಲಿ ಆಡಿಬಂದು ದಿನಕ್ಕೆ ಎರಡು ಲೀಟರು ಕುಡಿಯುವ ಬಾಲಕನಿಗೆ ಒಂದು ಲೀಟರು ಕುಡಿಯುವ ತಂಪು ಸೀಮೆಯ ಬಾಲಕನ ಇಮ್ಮಡಿ ಫ್ಲೋರೈಡು ಸೇರುತ್ತದೆ.

ಎರಡನೆಯ ಪ್ರಶ್ನೆ ಹಲ್ಲಿನದು. ಕಲೆಗಳನ್ನು ಅಳೆಯಲು ಅಡ್ಡಪಟ್ಟಿ ಇಲ್ಲ. ಅಮೆರಿಕದ ಟ್ರೆಂಡ್ಲಿ ಡೀನ್ ಎಂಬವರು ರೂಪಿಸಿದ ಶ್ರೇಣಿಯನ್ನು ಎಲ್ಲರೂ ಬಳಸುತ್ತಾರೆ: ಸಹಜ, ಸಂದೇಹಾಸ್ಪದ, ಅತ್ಯಲ್ಪ, ಅಲ್ಪ, ಮಧ್ಯಮ, ತೀವ್ರ. ‘ಸಂದೇಹಾಸ್ಪದ’ವೆಂಬ ಮೆಟ್ಟಿಲನ್ನು ಇಟ್ಟುಕೊಂಡ ಆ ಪ್ರಾಮಾಣಿಕತೆ ನಮಗೆ ಬಹಳ ಮೆಚ್ಚಿಗೆ. ಆದರೆ ಸಂದೇಹವಿರುವಲ್ಲಿ ಮನಸ್ಸು ನುಸುಳುತ್ತದೆ. ಈ ಊರಿನ ನೀರು ಕೆಟ್ಟದ್ದೆಂದು ಮೊದಲೇ ತಿಳಿದ ಪರೀಕ್ಷಕಳ ಕಣ್ಣಿಗೆ ಆ ಊರಿನ ಮಗುವಿನ ಹಲ್ಲಿನಲ್ಲಿ ಹೆಚ್ಚು ಕಲೆ ಕಾಣುವುದು. ಇದು ಮೋಸವಲ್ಲ, ಮನುಷ್ಯಸ್ವಭಾವ. ಅದಕ್ಕಾಗಿ ಹಲ್ಲುಗಳ ಛಾಯಾಚಿತ್ರಗಳಿಗೆ ಊರಿನ ಹೆಸರಿಲ್ಲದೆ ಸಂಖ್ಯೆಗಳನ್ನಷ್ಟೇ ಕೊಟ್ಟು, ಕಲಸಿ, ಇಬ್ಬರು ಪ್ರತ್ಯೇಕವಾಗಿ ನೋಡಿ ಶ್ರೇಣಿ ಹಾಕಬೇಕು. ಇಬ್ಬರ ಮಾತು ಎಷ್ಟರ ಮಟ್ಟಿಗೆ ಒಂದಾಯಿತೆಂಬುದನ್ನೂ ಭಿತ್ತಿಪತ್ರದಲ್ಲಿ ಬರೆಯಬೇಕು.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ತೊಡಕಿನದು. ಹಲ್ಲಿನ ಹೊರಗವಚವಾದ ಎನಾಮೆಲ್ ರೂಪುಗೊಳ್ಳುವುದು ಹಲ್ಲು ವಸಡಿನೊಳಗೆ ಅಡಗಿರುವಾಗ. ಬುದ್ಧಿಹಲ್ಲುಗಳನ್ನು ಬಿಟ್ಟರೆ ಶಾಶ್ವತ ದಂತಗಳ ಎನಾಮೆಲ್ ಮಗುವಿಗೆ ಸುಮಾರು ಎಂಟು ವರ್ಷ ತುಂಬುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಎದುರಿನ ಬಾಚಿಹಲ್ಲುಗಳದು ಅದಕ್ಕೂ ಮುಂಚೆ. ಒಮ್ಮೆ ಸಿದ್ಧವಾದ ಎನಾಮೆಲನ್ನು ದೇಹ ಮತ್ತೆ ಕಟ್ಟುವುದಿಲ್ಲ. ಆದುದರಿಂದ ಹನ್ನೆರಡು ವರ್ಷದ ಬಾಲಕಿಯ ಬಾಚಿಹಲ್ಲಿನ ಕಲೆ ಹೇಳುವುದು ಇಂದಿನ ನೀರಿನ ಕಥೆಯನ್ನಲ್ಲ, ಏಳೆಂಟು ವರ್ಷಗಳ ಹಿಂದೆ ಆಕೆ ಕುಡಿದ ನೀರಿನ ಕಥೆಯನ್ನು. ಮರದ ಉಂಗುರಗಳಲ್ಲಿ ಹಳೆಯ ಮಳೆಗಾಲಗಳು ಉಳಿದಿರುವಂತೆ ಹಲ್ಲಿನಲ್ಲಿ ಹಳೆಯ ಬಾವಿಯೊಂದು ಉಳಿದಿರುತ್ತದೆ.

ಈ ಸೀಮೆಯಲ್ಲಾದರೋ ಆ ಏಳೆಂಟು ವರ್ಷಗಳಲ್ಲಿ ನೀರೇ ಬದಲಾಗಿರಬಹುದು. ಕೃಷ್ಣೆಯ ನೀರನ್ನು ಮೇಲೆತ್ತಿ ತರುವ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಈಚಿನ ವರ್ಷಗಳಲ್ಲಿ ಒಣಗಿದ್ದ ಕೆರೆಗಳಿಗೆ ನೀರು ಬಂದಿದೆ. ನದಿಯ ನೀರನ್ನು ಕೊಳವೆಗಳಲ್ಲಿ ಪೂರೈಸುವ ಯೋಜನೆಗಳು ಬಂದ ಹಳ್ಳಿಗಳೂ ಉಂಟು. ಇನ್ನು ಜನರ ವಲಸೆ: ಈ ಜಿಲ್ಲೆಯಿಂದ ದುಡಿಮೆಗಾಗಿ ಮಹಾರಾಷ್ಟ್ರಕ್ಕೂ ಗೋವೆಗೂ ಹೋಗುವ ಕುಟುಂಬಗಳು ಅನೇಕ. ತಿಕೋಟಾ ಸುತ್ತಿನ ದ್ರಾಕ್ಷಿ ತೋಟಗಳಿಗೆ ಹೊರಗಿನಿಂದ ಕೆಲಸಕ್ಕೆ ಬರುವವರೂ ಇದ್ದಾರೆ. ಮೂರು ವರ್ಷದವಳಿದ್ದಾಗ ತಂದೆತಾಯಿಗಳೊಡನೆ ಸಾಂಗಲಿಯ ಕಬ್ಬಿನ ಗದ್ದೆಯ ಪಕ್ಕದಲ್ಲಿದ್ದ ಹುಡುಗಿಯ ಹಲ್ಲನ್ನು ಇಂದು ತಿಕೋಟಾದ ಬಾವಿಯ ನೀರಿನೊಡನೆ ಹೋಲಿಸಿದರೆ ಏನು ಫಲ? ನಮ್ಮ ವಿದ್ಯಾರ್ಥಿನಿ ಪ್ರತಿ ಮಗುವಿನ ತಾಯಿಯನ್ನು, ಇಲ್ಲವೆ ಅಜ್ಜಿಯನ್ನು ಕೇಳಿ, ಹುಟ್ಟಿದಂದಿನಿಂದ ಎಲ್ಲೆಲ್ಲಿ ಯಾವ ನೀರು ಕುಡಿದರೆಂದು ಬರೆದುಕೊಳ್ಳದಿದ್ದರೆ, ಆಕೆಯ ಎಲೆಕ್ಟ್ರೋಡು ಎಷ್ಟು ನಿಖರವಾಗಿದ್ದರೂ ಆಕೆ ಬೇರೆ ನೀರನ್ನು ಅಳೆದಂತಾಯಿತು. ತಾಯಂದಿರನ್ನು ಕೇಳುವುದಕ್ಕೆ ಉಪಕರಣ ಬೇಡ, ತಾಳ್ಮೆ ಬೇಕು. ಅವರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಪರೀಕ್ಷಿಸುವಂತಿಲ್ಲವಾದುದರಿಂದ ಹೇಗಿದ್ದರೂ ಅವರ ಮನೆಯ ಬಾಗಿಲಿಗೆ ಹೋಗಲೇಬೇಕು.

ಇನ್ನು ಅಂಕಿಗಳು. 40ರಲ್ಲಿ 12 ಎಂದರೆ ಶೇಕಡ 30. 40ರಲ್ಲಿ 18 ಎಂದರೆ ಶೇಕಡ 45. ಅಂತರ 15. ಇದು ದೊಡ್ಡದೇ, ಚಿಕ್ಕದೇ? ನಿಜವಾಗಿ ಎರಡೂ ಊರುಗಳಲ್ಲಿ ಭೇದವೇನೂ ಇಲ್ಲದಿದ್ದರೂ, ಮಕ್ಕಳನ್ನು ಆರಿಸಿದ ಆಕಸ್ಮಿಕದಿಂದಲೇ ಅಂತರವೊಂದು ಬರುತ್ತದೆ. ನಾಣ್ಯವನ್ನು ನಲವತ್ತು ಸಲ ಚಿಮ್ಮಿದರೆ ಪ್ರತಿಸಲವೂ ಇಪ್ಪತ್ತೇ ತಲೆ ಬೀಳುವುದಿಲ್ಲವಷ್ಟೆ. ಎರಡು ಗುಂಪುಗಳನ್ನೂ ಕೂಡಿಸಿದರೆ ಕಲೆಯುಳ್ಳವರು ಶೇಕಡ 37.5. 0.375ನ್ನು 0.625ರಿಂದ ಗುಣಿಸಿ, ಅದನ್ನು 40ನೆಯ ಒಂದು ಮತ್ತು 40ನೆಯ ಒಂದು ಇವುಗಳ ಮೊತ್ತದಿಂದ ಗುಣಿಸಿ, ವರ್ಗಮೂಲ ತೆಗೆದರೆ ಸುಮಾರು 0.108 ಬರುತ್ತದೆ. ಎಂದರೆ ಆಕಸ್ಮಿಕದ ಅಲುಗಾಟವೇ ಸುಮಾರು 11 ಶೇಕಡಾಂಶಗಳಷ್ಟಿದೆ. ನಮ್ಮ ಅಂತರ ಅದರ ಒಂದೂವರೆ ಪಟ್ಟೂ ಇಲ್ಲ. ಭೇದವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ನೂರಕ್ಕೆ ಹದಿನಾರು ಹದಿನೇಳು ಸಲ ತಾನಾಗಿ ಬಂದೀತು. ಇದನ್ನೇ ಪ್ರಬಂಧಗಳಲ್ಲಿ ‘ಪಿ’ ಬೆಲೆ ಎಂದು ಬರೆಯುವುದು. ರೂಢಿಯಲ್ಲಿ ಅದು 0.05ಕ್ಕಿಂತ ಕಡಿಮೆಯಿದ್ದರೆ ಗಮನಾರ್ಹವೆನ್ನುತ್ತಾರೆ. ಪ್ರತಿ ಕಡೆ 400 ಮಕ್ಕಳನ್ನು ನೋಡಿ ಅದೇ ಶೇಕಡ 30 ಮತ್ತು 45 ಬಂದಿದ್ದರೆ ಅಲುಗಾಟ ಮೂರೂವರೆ ಅಂಶಕ್ಕಿಳಿದು, ಅಂತರವು ಅದರ ನಾಲ್ಕು ಪಟ್ಟನ್ನೂ ಮೀರುತ್ತಿತ್ತು.

ಆಗಲಾದರೂ ನೆಮ್ಮದಿಯಿಲ್ಲ. ಒಂದೇ ಬಾವಿಯ ನೀರನ್ನು ಕುಡಿದ 400 ಮಕ್ಕಳು ಬಾವಿಯ ಮಟ್ಟಿಗೆ 400 ಸಾಕ್ಷಿಗಳಲ್ಲ. ಗೋಳಗುಮ್ಮಟದ ಗ್ಯಾಲರಿಯಲ್ಲಿ ಒಬ್ಬರು ಒಮ್ಮೆ ಚಪ್ಪಾಳೆ ತಟ್ಟಿದರೆ ಏಳೆಂಟು ಸಲ ಕೇಳಿಸುತ್ತದೆ. ಏಳೆಂಟು ಜನ ತಟ್ಟಿದರೆಂದು ಬರೆದುಕೊಳ್ಳುವುದುಂಟೆ? ನೀರು ಹಲ್ಲುಗಳ ಸಂಬಂಧವನ್ನು ತಿಳಿಯಬೇಕಾದರೆ ಮಕ್ಕಳಷ್ಟೇ ಅಲ್ಲ, ಬಾವಿಗಳೂ ಅನೇಕವಾಗಬೇಕು. ಎರಡು ಬಾವಿಗಳ ನಡುವೆ ಫ್ಲೋರೈಡೊಂದೇ ಅಲ್ಲ, ನೂರು ಭೇದಗಳಿರುತ್ತವೆ. ಎರಡು ಬಿಂದುಗಳನ್ನು ಸೇರಿಸುವ ಸರಳರೇಖೆ ಯಾವಾಗಲೂ ಸಿಕ್ಕೇ ಸಿಕ್ಕುತ್ತದೆಂಬುದನ್ನು ರೇಖಾಗಣಿತ ಓದಿದವರೆಲ್ಲ ಬಲ್ಲರು.

ಇನ್ನೊಂದು ಬಲೆಯುಂಟು. ಹಲ್ಲಿನ ಜೊತೆಗೆ ಎತ್ತರ, ತೂಕ, ರಕ್ತದ ಹಿಮೋಗ್ಲೋಬಿನ್ ಹೀಗೆ ಇಪ್ಪತ್ತು ವಿಷಯಗಳನ್ನು ಅಳೆದು ಒಂದೊಂದನ್ನೂ ಪರೀಕ್ಷಿಸಿದರೆ, ಯಾವುದರಲ್ಲಿಯೂ ನಿಜವಾದ ಭೇದವಿಲ್ಲದಿದ್ದರೂ ಒಂದಾದರೂ ‘ಗಮನಾರ್ಹ’ವಾಗಿ ಕಾಣಿಸುವ ಸಂಭವ, ಅವು ಒಂದನ್ನೊಂದು ಅವಲಂಬಿಸಿಲ್ಲವೆಂದಿಟ್ಟುಕೊಂಡರೆ, ಸುಮಾರು ಶೇಕಡ 64. ಆ ಒಂದನ್ನು ಭಿತ್ತಿಪತ್ರದ ಶಿರೋನಾಮೆಯಾಗಿ ಮಾಡಿ, ಹತ್ತೊಂಬತ್ತನ್ನು ಬಚ್ಚಿಟ್ಟರೆ ಅದು ಲೋಲಕದ ಹುಡುಗನ ವಿದ್ಯೆಯೇ. ಭೇದ ಕಾಣಲಿಲ್ಲವೆಂದು ಸ್ಪಷ್ಟವಾಗಿ ಬರೆದ ದೊಡ್ಡ ಅಧ್ಯಯನವೊಂದು ಸಮ್ಮೇಳನಕ್ಕೆ ಬಂದರೆ ಅದಕ್ಕೆ ಪಾರಿತೋಷಕ ಕೊಡುವ ಎದೆಗಾರಿಕೆ ತೀರ್ಪುಗಾರರಿಗಿರಬೇಕೆಂದು ನಮ್ಮ ಅಭಿಪ್ರಾಯ. ಕೊಡುವುದು ಅಪರೂಪ.

ತೀರ್ಪುಗಾರರು ತಪ್ಪುವುದು ಜಿಲ್ಲಾ ಮಟ್ಟದಲ್ಲಿ ಮಾತ್ರವೆಂದು ತಿಳಿಯಬಾರದು. ಜಗತ್ತಿನ ಅತಿ ದೊಡ್ಡ ಪಾರಿತೋಷಕದ ಕಥೆಯೊಂದನ್ನು ಕೇಳಿ. ಡೆನ್ಮಾರ್ಕಿನ ಯೊಹಾನೆಸ್ ಫಿಬಿಗರ್ ಎಂಬ ರೋಗವಿಜ್ಞಾನಿ 1907ರಲ್ಲಿ ಕೆಲವು ಇಲಿಗಳ ಜಠರದಲ್ಲಿ ಗಂಟುಗಳನ್ನೂ ಅವುಗಳಲ್ಲಿ ಸಣ್ಣ ಹುಳುಗಳನ್ನೂ ಕಂಡನು. ಜಿರಲೆಗಳ ಮೂಲಕ ಆ ಹುಳು ಇಲಿಗಳಿಗೆ ಬರುತ್ತದೆಂದು ಪತ್ತೆಮಾಡಿ, ಹುಳುವುಳ್ಳ ಜಿರಲೆಗಳನ್ನು ಇಲಿಗಳಿಗೆ ತಿನ್ನಿಸಿ, ಅವುಗಳಲ್ಲಿ ಕ್ಯಾನ್ಸರನ್ನು ತಾನು ಉಂಟುಮಾಡಿದೆನೆಂದು 1913ರಲ್ಲಿ ಪ್ರಕಟಿಸಿದನು. ಕ್ಯಾನ್ಸರಿನ ಕಾರಣವೇ ಸಿಕ್ಕಿತೆಂದು ಲೋಕ ಹಿಗ್ಗಿತು. 1926ನೆಯ ಸಾಲಿನ ನೊಬೆಲ್ ಪಾರಿತೋಷಕ ಆತನಿಗೆ ಸಂದಿತು. ಮುಂದೆ ಇತರರು ಪರಿಶೀಲಿಸಲಾಗಿ ಹುಳುವು ಕ್ಯಾನ್ಸರನ್ನು ಉಂಟುಮಾಡುತ್ತದೆಂಬ ಮಾತು ನಿಲ್ಲಲಿಲ್ಲ. ಆ ಇಲಿಗಳಿಗೆ ಹಾಕಿದ ಆಹಾರದಲ್ಲಿ ಎ ಜೀವಸತ್ತ್ವದ ಕೊರತೆಯಿದ್ದುದೂ ಗಂಟುಗಳಿಗೆ ಕಾರಣವಾಗಿದ್ದಿತು, ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರೇ ಆಗಿರಲಿಲ್ಲ. ಅದೇ ಆಹಾರ ತಿಂದು ಹುಳುವಿಲ್ಲದೆ ಬೆಳೆದ ಇಲಿಗಳೊಡನೆ ಸರಿಯಾಗಿ ಹೋಲಿಸಿದ್ದರೆ ಸಂದೇಹ ಮೊದಲೇ ಬರುತ್ತಿತ್ತು.

ಹೋಲಿಕೆಯ ಗುಂಪನ್ನು ಇಟ್ಟುಕೊಳ್ಳುವುದು ಈ ಫಿಬಿಗರನಿಗೆ ತಿಳಿಯದೆ ಇದ್ದಿತೆ? ಆಶ್ಚರ್ಯವಿರುವುದು ಇಲ್ಲಿಯೇ. ಮೂವತ್ತು ವರ್ಷ ಮೊದಲು, 1896-97ರಲ್ಲಿ, ಗಳಚರ್ಮ ರೋಗಕ್ಕೆ, ಎಂದರೆ ಡಿಫ್ತೀರಿಯಾಕ್ಕೆ, ಹೊಸದಾಗಿ ಬಂದಿದ್ದ ಸೀರಮ್ ಚಿಕಿತ್ಸೆ ನಿಜವಾಗಿ ಗುಣಕಾರಿಯೇ ಎಂದು ಕೋಪನ್‌ಹೇಗನ್‌ನ ಆಸ್ಪತ್ರೆಯಲ್ಲಿ ಆತನು ಪರೀಕ್ಷಿಸಿದ್ದನು. ಒಂದು ದಿನ ಬಂದ ರೋಗಿಗಳಿಗೆಲ್ಲ ಸೀರಮ್, ಮರುದಿನ ಬಂದವರಿಗೆ ಅದಿಲ್ಲದ ಸಾಧಾರಣ ಚಿಕಿತ್ಸೆ, ಹೀಗೆ ಒಂದು ವರ್ಷ. ಯಾರಿಗೆ ಕೊಡಬೇಕೆಂಬುದನ್ನು ವೈದ್ಯನ ಮನಸ್ಸಿಗೆ ಬಿಡದೆ ಪಂಚಾಂಗಕ್ಕೆ ಬಿಟ್ಟನು. ಸೀರಮ್ ಪಡೆದ 239 ಮಂದಿಯಲ್ಲಿ 8 ಮಂದಿ ತೀರಿಕೊಂಡರು; ಪಡೆಯದ 245 ಮಂದಿಯಲ್ಲಿ 30 ಮಂದಿ. ಶೇಕಡ 3ಕ್ಕೂ 12ಕ್ಕೂ ಇರುವ ಅಂತರ. 1898ರಲ್ಲಿ ಪ್ರಕಟವಾದ ಈ ಕೆಲಸವನ್ನು ವೈದ್ಯಶಾಸ್ತ್ರದ ಇತಿಹಾಸಕಾರರು ನಿಯಂತ್ರಿತ ಪ್ರಯೋಗಗಳ ಆದಿಯ ಮಾದರಿಗಳಲ್ಲಿ ಒಂದೆಂದು ಗೌರವಿಸುತ್ತಾರೆ. ಅದಕ್ಕೆ ಪದಕವಿಲ್ಲ. ಮೇಲೆ ಹೇಳಿದ ನಮ್ಮ ಲೆಕ್ಕವನ್ನು ಈ ನಾಲ್ಕು ಸಂಖ್ಯೆಗಳ ಮೇಲೆ ವಾಚಕರು ತಾವೇ ಮಾಡಿ ನೋಡಲಿ: ಅಂತರವು ಆಕಸ್ಮಿಕದ ಅಲುಗಾಟದ ಮೂರೂವರೆ ಪಟ್ಟಿಗಿಂತ ಹೆಚ್ಚಾಗಿಯೇ ಬರುತ್ತದೆ.

ಇದರ ವಿಲೋಮವೂ ನಡೆದಿದೆ. ಆಸ್ಟ್ರೇಲಿಯದ ಪರ್ತ್ ನಗರದ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯನು ಜಠರದ ಉರಿಯೂತಕ್ಕೆ ಬ್ಯಾಕ್ಟೀರಿಯವೊಂದು ಸಂಬಂಧಪಟ್ಟಿದೆಯೆಂದು ಬರೆದು 1983ರಲ್ಲಿ ತನ್ನ ದೇಶದ ಜಠರರೋಗ ತಜ್ಞರ ಸಮ್ಮೇಳನಕ್ಕೆ ಸಾರಾಂಶ ಕಳುಹಿಸಿದನು. ಬಂದಿದ್ದ 67 ಸಾರಾಂಶಗಳಲ್ಲಿ 56 ಅಂಗೀಕೃತವಾದವು. ಮಾರ್ಷಲನದು ತಿರಸ್ಕೃತವಾದ ಹನ್ನೊಂದರಲ್ಲಿ ಸೇರಿತ್ತು. ಮರುವರ್ಷ ಆತನು ಆ ಬ್ಯಾಕ್ಟೀರಿಯವನ್ನು ಬೆಳೆಸಿದ ದ್ರಾವಣವನ್ನು ತಾನೇ ಕುಡಿದು ಹೊಟ್ಟೆಯ ಉರಿಯೂತವನ್ನು ಬರಿಸಿಕೊಂಡನು. (ಇದನ್ನು ಯಾವ ವಿದ್ಯಾರ್ಥಿಯೂ ಅನುಕರಿಸತಕ್ಕದ್ದಲ್ಲ, ಯಾವ ನೈತಿಕ ಸಮಿತಿಯೂ ಇಂದು ಒಪ್ಪದು.) 2005ರಲ್ಲಿ ಆತನಿಗೂ ಆತನ ಸಹೋದ್ಯೋಗಿ ರಾಬಿನ್ ವಾರನ್ನರಿಗೂ ನೊಬೆಲ್ ಪಾರಿತೋಷಕ ಬಂದಿತು.

ಪ್ರಾದೇಶಿಕ ಸಮ್ಮೇಳನಕ್ಕೆ ಇಂತಹ ಮಹಾ ಶೋಧಗಳ ಹಂಬಲವಿರಬೇಕಿಲ್ಲ. ತನ್ನ ಸುತ್ತಿನ ಊರುಗಳನ್ನು ಸರಿಯಾಗಿ ಕೇಳಿದರೆ ಸಾಕಷ್ಟು ದೂರ ಹೋಗಬಹುದು. ಕರ್ನಾಟಕದಲ್ಲಿಯೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಹಳ್ಳಿಯವರಿಗೆ ತಮ್ಮ ಕಾಯಿಲೆಯ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದೇ ಇಲ್ಲ ಎಂಬ ನಂಬಿಕೆ ಆಗ ಬಲವಾಗಿದ್ದಿತು. ಕೇಳಿ ನೋಡಿದರೆ ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು ಜ್ವರಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಧುನಿಕ ವೈದ್ಯಕ್ಕಾಗಿ ಬಾಗಿಲು ತಟ್ಟಿಯೂ ಇದ್ದರು. ಕಫವನ್ನು ಪರೀಕ್ಷಿಸದೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಹಿಂದಕ್ಕೆ ಕಳುಹಿಸಿದವರು ಆಸ್ಪತ್ರೆಯವರೇ. ಕೊರತೆ ರೋಗಿಯಲ್ಲಿಲ್ಲ, ವ್ಯವಸ್ಥೆಯಲ್ಲಿದೆ ಎಂದು ತಿಳಿಯಲು ಬೇಕಾದದ್ದು ಕಟ್ಟುನಿಟ್ಟಾಗಿ ಆರಿಸಿದ ಜನರು ಮತ್ತು ಕೇಳುವ ಕಿವಿ.

ನಮ್ಮ ವಿದ್ಯಾರ್ಥಿನಿಯ ಬಳಿಗೆ ಮರಳೋಣ. ಇಷ್ಟೆಲ್ಲ ಪ್ರಶ್ನೆಗಳನ್ನು ಕೇಳಿಸಿಕೊಂಡ ಮೇಲೆ ಆಕೆಗೆ ಈ ಸಲದ ಪಾರಿತೋಷಕ ಸಿಗದಿರಬಹುದು. ಸಂಜೆ ಭಿತ್ತಿಪತ್ರಗಳನ್ನು ಇಳಿಸಿ ಸುರುಳಿ ಸುತ್ತುವ ಹೊತ್ತಿನಲ್ಲಿ ತೀರ್ಪುಗಾರರು ಕೇಳಬೇಕಾದ ಕೊನೆಯ ಪ್ರಶ್ನೆ ಒಂದುಂಟು. ಅಂಕಪಟ್ಟಿಯಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಎರಡನೆಯ ಊರಿನ ನೀರಿನ ಅಳತೆಯನ್ನು ಆ ಊರಿಗೆ ತಿಳಿಸಿದೆಯಾ? ಆಕೆಯ ಎರಡು ಬಾವಿಗಳ ಅಂತರವು ಪ್ರಬಂಧಕ್ಕೆ ಸಾಲದಿರಬಹುದು. ಆದರೆ ಅದರಲ್ಲಿ ಒಂದು ಬಾವಿಯ ನೀರು 2 ಮಿಲಿಗ್ರಾಂ ಎಂದಿದ್ದರೆ, ಅದನ್ನು ಮತ್ತೊಮ್ಮೆ ಬೇರೆ ಪ್ರಯೋಗಾಲಯದಲ್ಲಿ ಅಳೆಯಿಸಿ ಗ್ರಾಮ ಪಂಚಾಯಿತಿಗೆ ಬರೆದುಕೊಡಲು ‘ಪಿ’ ಬೆಲೆ ಬೇಕಿಲ್ಲ. ಅಲ್ಲಿ ಮೂರು ವರ್ಷದ ಮಗುವೊಂದರ ಬಾಚಿಹಲ್ಲು ವಸಡಿನೊಳಗೆ ಈಗ ರೂಪುಗೊಳ್ಳುತ್ತಿರುತ್ತದೆ. ಅದು ಮುಂದಿನ ಸಮ್ಮೇಳನಕ್ಕೆ ಕಾಯುವುದಿಲ್ಲ.

ಪ್ರೌಢಶಾಲೆಯ ವಾಚಕರು ಸಹ ಇದರಲ್ಲಿ ಮಾಡಬಹುದಾದ ಕೆಲಸವಿದೆ, ಅದಕ್ಕೆ ಎಲೆಕ್ಟ್ರೋಡು ಬೇಡ. ನಿಮ್ಮ ಊರಿನ ಪ್ರತಿಯೊಂದು ಕೊಳವೆಬಾವಿಯನ್ನು ಯಾವ ವರ್ಷ ಕೊರೆಸಿದರು, ಎಷ್ಟು ಅಡಿ ಆಳಕ್ಕೆ ಹೋದರು, ಯಾವ ವರ್ಷ ಅದು ಬತ್ತಿತು, ಯಾವ ಓಣಿಗೆ ಯಾವ ವರ್ಷದಿಂದ ನದಿಯ ನೀರು ಬಂದಿತು ಎಂಬುದನ್ನು ಹಿರಿಯರನ್ನು ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಇಬ್ಬರು ಹಿರಿಯರು ಬೇರೆ ಬೇರೆ ವರ್ಷ ಹೇಳಿದರೆ ಎರಡನ್ನೂ ಬರೆಯಿರಿ, ಒಂದನ್ನು ಅಳಿಸಬೇಡಿ. ನಾಳೆ ಹಲ್ಲು ನೋಡಲು ನಿಮ್ಮ ಶಾಲೆಗೆ ಬರುವ ವೈದ್ಯ ವಿದ್ಯಾರ್ಥಿಗೆ ಮೊಟ್ಟಮೊದಲು ಬೇಕಾಗುವ ಕಾಗದ ಅದೇ.